ಮನೆಯ ಖಾತೆಗೆ ಬಿದ್ದ ಬೀಗ

ಸೋಮವಾರ, ಮಾರ್ಚ್ 3

ಸೋಪಿನ ಪುಡಿಯವನಿಗೆ ಕೊಡಬೇಕಾದ ಹಣ ತೆಗೆಯಲು ಬ್ಯಾಂಕಿಗೆ ಹೋದೆ. ಗಾಜಿನ ಹಿಂದಿದ್ದ ಹುಡುಗಿ ಕಂಪ್ಯೂಟರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಂಪ್ಯೂಟರನ್ನು ನೋಡಿದಳು.

"ಅಮ್ಮಾ, ಈ ಖಾತೆಯಿಂದ ಹಣ ತೆಗೆಯೋಕಾಗಲ್ಲ. ತಡೆಹಿಡಿದಿದ್ದಾರೆ."

"ಯಾರು?"

"ಕೋರ್ಟಿನವರು."

"ಯಾವ ಕೋರ್ಟು? ನೀನು ಹುಟ್ಟೋಕೆ ಮುಂಚಿನ ಖಾತೆ ಇದು."

ಹುಡುಗಿ ಒಳ್ಳೆಯವಳು. ಗುಟ್ಟಾಗಿ ಹೇಳಲು ಮುಂದಕ್ಕೆ ಬಾಗಿದಳು. ಆದರೆ ಬಾಗಿದ್ದು ಮೈಕಿನ ಹತ್ತಿರಕ್ಕೆ. "ಮಗುವಿನ ಜೀವನಾಂಶ ಬಾಕಿ" ಎಂಬ ಮಾತು ಇಡೀ ಬ್ಯಾಂಕಿಗೆ ಕೇಳಿಸಿತು. ನನ್ನ ಹಿಂದೆ ನಿಂತಿದ್ದವನ ಅಂಗಿಯ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ನಾನು. ಅವನು ಮೇಲಿನ ಫ್ಯಾನನ್ನು ನೋಡುತ್ತಾ ನಿಂತ. ತಿರುಗದೇ ಇರುವ ಫ್ಯಾನು.

ನಮ್ಮ ಮನೆಗೆ ಒಂದೇ ಖಾತೆ. ಮೊದಲ ಹೆಸರು ನನ್ನದು, ಎರಡನೆಯದು ಮಗನದು. ನನ್ನ ಲಾಂಡ್ರಿಯ ಸಂಪಾದನೆಯೂ ಅದಕ್ಕೇ, ಮಗನ ಸಂಬಳವೂ ಅದಕ್ಕೇ. ಒಂದನೇ ತಾರೀಕು ಯಾರಿಗೆ ಎಷ್ಟು ಬೇಕೋ ನಾನು ತೆಗೆದುಕೊಡುತ್ತೇನೆ. ನನ್ನ ಯಜಮಾನರು ಇದ್ದಾಗಲೂ ಹೀಗೆಯೇ ನಡೆದಿತ್ತು. ಮಗ ಲಿಫ್ಟ್ ರಿಪೇರಿಯವನು. ಎರಡೂವರೆ ವರ್ಷ ಬಂದರಿನ ಊರಿನಲ್ಲಿದ್ದ. ಮಂಡಿ ಕೆಟ್ಟು ಈ ಜನವರಿಯಲ್ಲಿ ನಿವೃತ್ತಿ ತೆಗೆದುಕೊಂಡು ಬಂದ. ಅವನ ನಿವೃತ್ತಿಯ ಹಣವೂ ಬಂದು ಬಿದ್ದಿರುವುದು ಅದೇ ಖಾತೆಗೆ. ಈಗ ಎಲ್ಲವೂ ಒಂದೇ ಬೀಗದೊಳಗೆ.

ಆ ಹೆಂಗಸು ಮಾಡಿಸಿದ ಕೆಲಸ. ಮೂರು ವರ್ಷದ ಹಿಂದೆ ನನ್ನ ಮಗನನ್ನು ಬಿಟ್ಟು, ಮೊಮ್ಮಗಳನ್ನು ಕಟ್ಟಿಕೊಂಡು ಹೋದವಳು.

ಬಾಕಿಯಂತೆ, ಬಾಕಿ.

ಮಂಗಳವಾರ, ಮಾರ್ಚ್ 4

ಅಂಗಡಿಯ ಹಳೆಯ ಗಿರಾಕಿ ವಕೀಲ ಕೋಟು ತೆಗೆದುಕೊಂಡು ಹೋಗಲು ಬಂದಿದ್ದ. ಕೋಟನ್ನು ಕೌಂಟರಿನ ಮೇಲೆ ಇಟ್ಟೆ, ಆದರೆ ಕೈ ಬಿಡಲಿಲ್ಲ.

"ನನ್ನ ಪರಿಚಯದವರೊಬ್ಬರು ಇದ್ದಾರೆ," ಎಂದೆ. "ಮಗುವಿಗೆ ಕೊಡಬೇಕಾದದ್ದು ಕೊಡಲಿಲ್ಲ ಅಂತ ಬ್ಯಾಂಕಿನ ಖಾತೆಗೆ ಕೈ ಹಾಕಬಹುದಾ?"

"ಹಾಕಬಹುದು."

"ನಿವೃತ್ತಿ ಹಣಕ್ಕೆ? ಅದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತಾರೆ."

"ಬೇರೆ ಸಾಲ ಕೊಟ್ಟವರು ಮುಟ್ಟೋ ಹಾಗಿಲ್ಲ ಅಮ್ಮಾ. ಅವರೆಲ್ಲ ಗೇಟಿನ ಹೊರಗೆ. ಹೆತ್ತ ಮಗುವಿಗೆ ಮಾತ್ರ ಗೇಟು ತೆಗೀತಾರೆ."

"ತಾಯಿ ಮಗ ಇಬ್ಬರದ್ದೂ ಸೇರಿದ ಖಾತೆ ಆದ್ರೆ?"

"ಯಾರದ್ದು ಎಷ್ಟು ಅಂತ ತೀರ್ಮಾನ ಆಗೋವರೆಗೆ ಇಡೀ ಖಾತೆ ಬಂದ್. ವಿಚಾರಣೆ ದಿನ ತಾಯಿ ಪ್ರಮಾಣ ಮಾಡಿ ಹೇಳಬೇಕು. ಮಗ ಬೇಕು ಅಂತಲೇ ಕೊಡದೆ ಇದ್ದ ಅಂತ ಆದ್ರೆ ಜೈಲೂ ಆಗಬಹುದು." ಕೋಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಏಪ್ರಿಲ್ ಏಳಕ್ಕೆ ವಿಚಾರಣೆ. ನಿಮ್ಮ ಪರಿಚಯದವರಿಗೆ ಹೇಳಿ. ನೀವೇ ಅವರನ್ನ ಕರ್ಕೊಂಡು ಬರೋದಾದ್ರೆ ನಾನು ಫೀಸು ತಗೊಳಲ್ಲ. ಕೋಟು ಒಗೆದು ತೀರಿಸಿಕೊಳ್ಳಿ."

ಅವನು ಹೋದ ಮೇಲೆ ಅಂಗಡಿಯಲ್ಲಿ ಬಟ್ಟೆ ಮಡಿಸುವವಳು ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನೀವು ಹೆಗಲು ಮುಟ್ಟಿಕೊಂಡೇ ಅಂಗಡಿ ಬಾಗಿಲು ತೆಗೆದ್ರಿ ಅಕ್ಕ."

ಇಪ್ಪತ್ತು ವರ್ಷದಿಂದ ನನ್ನ ಹತ್ತಿರ ಕೆಲಸ ಮಾಡುತ್ತಿದ್ದಾಳೆ. ಕೈ ಬಲು ಚುರುಕು. ಬಾಯಿ ಅದಕ್ಕಿಂತ.

ಗುರುವಾರ, ಮಾರ್ಚ್ 6

ಮಗನಿಗೆ ಗೊತ್ತಾಯಿತು. ಬ್ಯಾಂಕಿನವರು ಅವನಿಗೂ ಕಾಗದ ಕಳಿಸಿದ್ದಾರೆ. ಊಟಕ್ಕೆ ಕೂತವನು ತಟ್ಟೆ ಸರಿಸಿದ.

"ಅಮ್ಮ, ಮೊದಲನೇ ತಿಂಗಳೇ ಕೋರ್ಟಿನ ಕಾಗದ ನಿನ್ನ ಕೈಗೆ ಕೊಟ್ಟಿದ್ದೆ. ನನ್ನ ಸಂಬಳದಲ್ಲಿ ಮಗುವಿನದ್ದು ಮೊದಲು ಕಳಿಸು, ಉಳಿದದ್ದು ಆಮೇಲೆ ಅಂತ ಹೇಳಿದ್ದೆ."

"ಹೇಳಿದ್ದೆ."

"ನೀನು ಹೂಂ ಅಂದಿದ್ದೆ."

"ಹೂಂ ಅಂದೆ. ಕಳಿಸ್ತೀನಿ ಅನ್ನಲಿಲ್ಲ."

ಅವನು ನನ್ನನ್ನು ನೋಡಿದ ರೀತಿ ಬರೆಯುವಂತಹದ್ದಲ್ಲ.

ನಮ್ಮ ಮನೆಯಲ್ಲಿ ಯಾರೂ ಒಂದು ಮಾತನ್ನು ಎರಡು ಸಲ ಕೇಳುವುದಿಲ್ಲ. ಹಾಗೆ ಬೆಳೆಸಿದವಳು ನಾನೇ. ಅವನು ಒಂದು ಸಲ ಹೇಳಿದ, ಹೋಗುತ್ತಿದೆ ಎಂದುಕೊಂಡ. ದೂರದ ಊರಿನಿಂದ ಪ್ರತಿ ಭಾನುವಾರ ಮಗಳಿಗೆ ಫೋನು ಮಾಡುತ್ತಿದ್ದ. ಆ ಹೆಂಗಸು ಫೋನಿನಲ್ಲಿ ದುಡ್ಡಿನ ಮಾತೇ ಎತ್ತಲಿಲ್ಲವಂತೆ, ಮಗು ಪಕ್ಕದಲ್ಲೇ ಇರುತ್ತಿತ್ತು ಎಂದು. ನಾನು ಕಾಯುತ್ತಿದ್ದೆ. ಬೇಕಾದರೆ ಅವಳೇ ಮಗುವನ್ನು ಕರೆದುಕೊಂಡು ಬಾಗಿಲಿಗೆ ಬರಲಿ, ನನ್ನ ಮುಖ ನೋಡಿ ಕೇಳಲಿ, ಆಗ ಒಂದೇ ಸಲ ಎಣಿಸಿ ಕೊಡುತ್ತೇನೆ ಎಂದುಕೊಂಡಿದ್ದೆ. ಮೂರು ಸಲ ನೋಟೀಸು ಬಂತು. ಅದು ಅವಳ ಕೈಬರಹವಲ್ಲ. ಡ್ರಾಯರಿಗೆ ಹಾಕಿದೆ.

"ಪ್ರತಿ ವಾರ ಅವಳು 'ಅಪ್ಪಾ ಊಟ ಆಯ್ತಾ' ಅಂತ ಕೇಳ್ತಾಳೆ ಅಮ್ಮ," ಎಂದ. "ಆಯ್ತು ಅಂತೀನಿ. ಅವಳದ್ದು ಆಯ್ತಾ ಅಂತ ನಾನು ಒಂದು ದಿನ ಕೇಳಲಿಲ್ಲ. ಆಗಿರುತ್ತೆ, ನೀನು ಕಳಿಸಿರ್ತೀಯ ಅಂತ."

ಎದ್ದು ಹೋದ.

ತಪ್ಪು ಎಂದು ನಾನು ಒಪ್ಪುವುದಿಲ್ಲ. ತಡವಾಯಿತು, ಅಷ್ಟೆ.

ಶುಕ್ರವಾರ, ಮಾರ್ಚ್ 7

ಮಗ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮೂವತ್ತೆರಡು ಅಂಗಿ, ಹನ್ನೊಂದು ಪ್ಯಾಂಟು, ಒಂದು ಪರದೆ.

ಭಾನುವಾರ, ಮಾರ್ಚ್ 9

ಇವತ್ತು ಜಗಳಕ್ಕೆ ಹೋಗಿದ್ದೆ. ಆ ಹೆಂಗಸು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳಬಹುದು, ಕೆಲಸದ ಜಾಗದಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಕೂತು ಹದಿನಾಲ್ಕು ಮಾತು ಜೋಡಿಸಿಕೊಂಡೆ, ಮೆತ್ತಗಿನದ್ದು ಮೊದಲು, ಚೂಪಾದದ್ದು ಕೊನೆಗೆ.

ಒಳಗೆ ಹೋಗಲು ಟಿಕೆಟ್ಟು. ಜಗಳ ಆಡಲೂ ದುಡ್ಡು ಕೊಡಬೇಕಾದ ಕಾಲ. ಅದೂ ಸಾಲದೆ ಚಪ್ಪಲಿ ಬಿಡಿ ಎಂದರು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಗಾಂಭೀರ್ಯ ಕಾಪಾಡಿಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ನಿಂತವರಿಗೇ ಗೊತ್ತು.

ಅವಳು ಆ ಕಡೆ ದಂಡೆಯ ಮೇಲೆ ಸೀಟಿ ಹಿಡಿದು ಕೂಗುತ್ತಿದ್ದಳು. "ಕಾಲು, ಕಾಲು! ನಾಯಿಗೆ ಸ್ನಾನ ಮಾಡಿಸಿದ ಹಾಗೆ ಒದ್ದಾಡಬೇಡ!" ನನ್ನ ಮನೆಯಲ್ಲಿ ಏಳು ವರ್ಷ ಇದ್ದಳು, ಅವಳ ದನಿ ಇಷ್ಟು ದೊಡ್ಡದು ಎಂದು ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಎತ್ತರದ ಹಲಗೆಯ ಮೇಲೆ ಒಂದು ಹುಡುಗಿ ಹತ್ತಿ ನಿಂತಿತು. ಸಣ್ಣ ಮೂಳೆಯ ಮಗು, ಮಂಡಿಯಲ್ಲಿ ಗಾಯದ ಗುರುತು. ತುದಿಗೆ ಬಂದು ಕೈ ಚಾಚಿತು. "ಯಾರಪ್ಪಾ ಈ ಮಗುವಿನ ಮನೆಯವರು? ಕೇಳೋರು ಹೇಳೋರು ಯಾರೂ ಇಲ್ವಾ?" ಎಂದು ಪಕ್ಕದವಳಿಗೆ ಹೇಳಿ ಕಣ್ಣು ಮುಚ್ಚಿಕೊಂಡೆ. ನೀರಿನ ಸದ್ದೇ ಬರಲಿಲ್ಲ. ಸೂಜಿ ಬಟ್ಟೆಯೊಳಗೆ ಹೋದಂತೆ ಹೋಗಿತ್ತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬ್ಯಾಗು ಕೆಳಗೆ ಬಿದ್ದರೂ ತಟ್ಟಿದೆ.

ಹುಡುಗಿ ಮೇಲೆ ಬಂದು ತಲೆ ಕೊಡವಿತು. ನೆನೆದ ಕೂದಲು ಹಿಂದಕ್ಕೆ ಹೋಯಿತು. ನೋಡಿದೆ, ನನ್ನ ಯಜಮಾನರ ಕಿವಿ! ಗಾಳಿಗೆ ಬಿಟ್ಟ ಹಾಗಿರುವ ಅದೇ ಅಗಲ ಕಿವಿ.

ಮೆಣಸು. ಹುಟ್ಟಿದಾಗ ಮೆಣಸಿನ ಕಾಳಿನಷ್ಟಿದ್ದಳೆಂದು ನಾನೇ ಹಾಗೆ ಕರೆದದ್ದು. ಹೋದಾಗ ಆರು ವರ್ಷ, ಈಗ ಒಂಬತ್ತು.

ನೇರ ನನ್ನ ಹತ್ತಿರ ಬಂದಳು. ಮೈಯಿಂದ ನೀರು ಸುರಿಯುತ್ತಿತ್ತು.

"ನೀವು ಇಸ್ತ್ರಿ ಅಜ್ಜಿ ಅಲ್ವಾ?"

"ಬರೀ ಅಜ್ಜಿ ಅಂದ್ರೆ ಸಾಲದಾ? ಎಷ್ಟು ಜನ ಅಜ್ಜಿಯರಿದ್ದಾರೆ ನಿನಗೆ?"

"ಅಮ್ಮನ ಅಮ್ಮ ಇನ್ನೊಬ್ರು. ಅವರು ಬೈಯಲ್ಲ."

"ನಾನು ಬೈತೀನಾ?"

"ಅಪ್ಪ ಹೇಳ್ತಾರೆ, ನೀವು ಬೈದ್ರೆ ಕಲೆನೂ ಹೆದರಿ ಬಟ್ಟೆ ಬಿಟ್ಟು ಓಡುತ್ತಂತೆ. ಹೌದಾ?"

ನಗಬಾರದು ಎಂದು ಬಿಗಿಹಿಡಿದುಕೊಂಡೆ. ಅಷ್ಟರಲ್ಲಿ ಅವಳ ತಾಯಿ ಬಂದು ನಿಂತಳು. ಕೈಯಲ್ಲಿ ಸೀಟಿ, ಮುಖದಲ್ಲಿ ಏನೂ ಇಲ್ಲ.

"ಜಗಳ ಆಡೋಕೆ ಬಂದ್ರಾ ಅತ್ತೆ? ಆಡಿ. ಮುಂದಿನ ತರಗತಿಗೆ ಇನ್ನೂ ಹತ್ತು ನಿಮಿಷ ಇದೆ."

ಹದಿನಾಲ್ಕು ಮಾತಿನಲ್ಲಿ ಒಂದಾದರೂ ನೆನಪಾಗಬೇಕಲ್ಲ! ಮಗು ಟವೆಲ್ಲಿನಿಂದ ಮೈ ಒರೆಸಿಕೊಳ್ಳುತ್ತಿತ್ತು. ತಗಡಿನಂತೆ ಗಟ್ಟಿಯಾದ ಟವೆಲ್ಲು, ಅಂಚು ಎರಡು ಕಡೆ ಹೊಲಿದದ್ದು, ಮೂಗಿಗೆ ಹೊಡೆಯುವ ಕ್ಲೋರಿನ್ ವಾಸನೆ. ಮೈ ಕೆಂಪಾಗುವಂತೆ ಉಜ್ಜಿಕೊಳ್ಳುತ್ತಿದ್ದಳು.

"ಈ ಟವೆಲ್ಲನ್ನ ಯಾರು ಒಗೆದಿದ್ದು?" ಎಂದೆ.

"ನಾನೇ," ಎಂದಳು ತಾಯಿ.

"ಟವೆಲ್ಲು ಒಗೆಯೋದು ಹೀಗಾ? ಕೊಡು ಇಲ್ಲಿ."

ಮನೆಗೆ ಬಂದು ನೋಡುತ್ತೇನೆ, ನನ್ನ ಚೀಲದಲ್ಲಿ ನಾಲ್ಕು ಟವೆಲ್ಲು, ಎರಡು ಈಜುಡುಗೆ, ಒಂದು ಟೋಪಿ. ಜಗಳದ ಒಂದು ಮಾತೂ ಖರ್ಚಾಗಿರಲಿಲ್ಲ.

ಸೋಮವಾರ, ಮಾರ್ಚ್ 10

ಬಿಸಿನೀರಿನಲ್ಲಿ ಒಂದು ಬಟ್ಟಲು ವಿನೆಗರ್ ಹಾಕಿ ಟವೆಲ್ಲುಗಳನ್ನು ಒಂದು ಗಂಟೆ ನೆನೆಸಿದೆ. ಕ್ಲೋರಿನ್ ವಾಸನೆಗೆ ಅದೇ ಮದ್ದು. ಒಣಗುವಾಗ ಮಧ್ಯೆ ಮಧ್ಯೆ ಕೊಡವಿದರೆ ನೂಲು ಎದ್ದು ನಿಲ್ಲುತ್ತದೆ. ಈಜುಡುಗೆಯ ಎಲಾಸ್ಟಿಕ್ಕು ಸೋತಿತ್ತು, ಬಿಚ್ಚಿ ಹೊಸದು ಹಾಕಿದೆ. ಎರಡು ವರ್ಷದ ಹಿಂದೆ ಕೊಂಡ ಉಡುಗೆ ಇರಬೇಕು, ಭುಜದ ಪಟ್ಟಿಗೆ ಬೇರೆ ಬಟ್ಟೆಯ ತುಂಡು ಸೇರಿಸಿ ಮಗುವಿನ ತಾಯಿ ಉದ್ದ ಮಾಡಿದ್ದಳು. ಹೊಲಿಗೆ ನೀಟಾಗಿಯೇ ಇತ್ತು. ಅದನ್ನು ಒಪ್ಪಬೇಕು.

"ಯಾರ ಟವೆಲ್ಲು ಅಕ್ಕ?" ಎಂದಳು ಮಡಿಸುವವಳು.

"ಗಿರಾಕಿಯದ್ದು."

"ಚೀಟಿ ಕಟ್ಟಿಲ್ಲ?"

"ಗೊತ್ತಿರೋ ಗಿರಾಕಿ."

"ಓಹೋ. ಮುತ್ತು ಕೊಟ್ಟು ಮಡಿಸ್ತಾ ಇದ್ದೀರಲ್ಲ, ಅದಕ್ಕೆ ಕೇಳಿದೆ."

ವಾಸನೆ ಹೋಗಿದೆಯೇ ಎಂದು ಮುಖಕ್ಕೆ ಹಿಡಿದು ನೋಡಿದೆ ಅಷ್ಟೆ. ಅವಳಿಗೆ ಕಂಡದ್ದೆಲ್ಲ ಹಾಗೆಯೇ.

ಗುರುವಾರ, ಮಾರ್ಚ್ 13

ಟವೆಲ್ಲು ಕೊಟ್ಟು ಬಂದೆ. ಮೆಣಸು ಅದರಲ್ಲಿ ಮುಖ ಹುದುಗಿಸಿ "ಅಮ್ಮಾ, ಇದು ಬೆಕ್ಕಿನ ಮರಿ ಥರ ಇದೆ!" ಎಂದು ಇಡೀ ದಂಡೆ ಓಡಿದಳು. ಓಡಬಾರದು ಎಂದು ಗೋಡೆಯ ಮೇಲೆ ಬರೆದಿದೆ.

ಮೆಣಸಿನ ತಾಯಿಗೂ ನನಗೂ ಎರಡು ಮಾತಾಯಿತು.

"ನೀನು ಬಾಗಿಲಿಗೆ ಬಂದು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?" ಎಂದೆ.

"ಬಂದಿದ್ದೆ ಅತ್ತೆ. ಎರಡು ಸಲ. ಅಂಗಡಿ ಮೆಟ್ಟಿಲವರೆಗೆ. ನೀವು ಇಸ್ತ್ರಿ ಮಾಡ್ತಾ ಇದ್ರಿ. ತಲೆ ಎತ್ತಲಿಲ್ಲ."

"ಕಂಡಿರಲಿಲ್ಲ."

"ಎರಡನೇ ಸಲ ಕಂಡಿದ್ರಿ."

ಬಿಸಿ ಇಸ್ತ್ರಿಪೆಟ್ಟಿಗೆ ಕೈಯಲ್ಲಿರುವಾಗ ತಲೆ ಎತ್ತಿದರೆ ಬಟ್ಟೆ ಸುಡುತ್ತದೆ. ಅದು ಸುಳ್ಳಲ್ಲ.

ಬರುವಾಗ ಇನ್ನೂ ಆರು ಟವೆಲ್ಲು ತಂದೆ. ಇವು ಬೇರೆ ಮಕ್ಕಳದ್ದು.

ಭಾನುವಾರ, ಮಾರ್ಚ್ 23

ಹತ್ತು ದಿನದಿಂದ ಬರೆಯಲು ಆಗಲಿಲ್ಲ. ಟವೆಲ್ಲುಗಳ ಕಾಟ.

ಇವತ್ತು ಮೆಣಸು ಅಂಗಡಿಗೆ ಬಂದಿದ್ದಳು. ಅವಳ ತಾಯಿಗೆ ಎರಡು ತರಗತಿ ಒಟ್ಟಿಗೆ ಇತ್ತು, ಮಧ್ಯಾಹ್ನದವರೆಗೆ ಇರಲಿ ಎಂದು ಬಿಟ್ಟುಹೋದಳು. ಮಗ ಹಿಂದಿನ ಕೋಣೆಯಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಫೋನಿನಲ್ಲಿ ವಾರವಾರವೂ ಮಾತಾಡುವ ಅಪ್ಪ ಮಗಳು ಎದುರು ಬದುರು ನಿಂತಾಗ ಇಬ್ಬರೂ ಬಿಚ್ಚಿದ ಮೋಟಾರನ್ನೇ ನೋಡುತ್ತಾ ನಿಂತರು.

"ಅಪ್ಪಾ, ಊಟ ಆಯ್ತಾ?" ಎಂದಳು ಕೊನೆಗೆ.

"ಇಲ್ಲ," ಎಂದ. "ನಿನ್ನದು?"

"ನನ್ನದೂ ಇಲ್ಲ."

ಇಬ್ಬರೂ ತಿಂದರು. ಒಂದು ಹೊತ್ತಿಗೆ ಮನುಷ್ಯರು ಅಷ್ಟೊಂದು ತಿನ್ನಬಹುದು ಎಂದು ನನಗೆ ಗೊತ್ತಿರಲಿಲ್ಲ. ಎರಡನೇ ಸಲ ಒಲೆ ಹಚ್ಚಿದೆ.

ಆಮೇಲೆ ಕರವಸ್ತ್ರಕ್ಕೆ ಇಸ್ತ್ರಿ ಹಾಕುವುದನ್ನು ಅವಳಿಗೆ ಕಲಿಸಿದೆ. ಸ್ಟೂಲಿನ ಮೇಲೆ ನಿಂತು, ನಾಲಿಗೆ ಹೊರಗೆ ಹಾಕಿಕೊಂಡು, ಮೂಲೆಗೆ ಮೂಲೆ ಕೂಡಿಸಿದಳು. ಮೂರನೆಯದು ನಾನು ಮಾಡಿದಂತೆಯೇ ಇತ್ತು. ನಾಲ್ಕನೆಯದನ್ನು ಸುಟ್ಟಳು. ಅದು ಶಾಲೆಯ ಹೆಡ್‌ಮಾಸ್ಟರರ ಕರವಸ್ತ್ರ.

"ಈಗ ಬೈತೀರಾ?" ಎಂದು ಕಣ್ಣರಳಿಸಿ ನಿಂತಳು. ಬೈಗುಳ ಕೇಳಬೇಕೆಂದು ಎಷ್ಟೋ ದಿನದಿಂದ ಕಾದವಳ ಹಾಗೆ.

ಬೈದೆ. ಚೆನ್ನಾಗಿಯೇ ಬೈದೆ. ಅವಳು ಬಿದ್ದು ಬಿದ್ದು ನಕ್ಕಳು. ಮಗ ಹಿಂದಿನ ಕೋಣೆಯಿಂದ ನಕ್ಕ. ಮಡಿಸುವವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡೂವರೆ ವಾರದ ನಂತರ ಮಗ ನನ್ನ ಹತ್ತಿರ ಮಾತಾಡಿದ.

"ಅಮ್ಮ, ದಿನಾ ಜನರನ್ನ ಮೇಲೆ ಕೆಳಗೆ ಕಳಿಸೋ ಕೆಲಸ ನನ್ನದಾಗಿತ್ತು. ಮೂರು ವರ್ಷ ನಾನೇ ಎರಡು ಮಹಡಿ ಮಧ್ಯೆ ಸಿಕ್ಕಿಹಾಕಿಕೊಂಡಿದ್ದೆ."

"ಗಂಟೆ ಹೊಡೀಬೇಕಿತ್ತು," ಎಂದೆ.

"ಹೊಡೆದ್ರೆ ಬರೋದು ನೀನೇ ಅಲ್ವಾ," ಎಂದ.

ಹೆಡ್‌ಮಾಸ್ಟರರಿಗೆ ಹೊಸ ಕರವಸ್ತ್ರ ಕೊಳ್ಳಬೇಕು. ಸುಟ್ಟದ್ದನ್ನು ಎಸೆಯಲಿಲ್ಲ. ಕಪಾಟಿನಲ್ಲಿ ಇಟ್ಟಿದ್ದೇನೆ.

ಶನಿವಾರ, ಏಪ್ರಿಲ್ 5

ವಕೀಲ ಕಾಗದ ತಂದಿದ್ದ. ನಾಡಿದ್ದು ವಿಚಾರಣೆ.

"ದಾರಿ ಎರಡು ಅಮ್ಮಾ. ಖಾತೆಯಲ್ಲಿರೋದೆಲ್ಲ ನನ್ನದೇ ಅಂತ ನೀವು ಸಹಿ ಹಾಕಿದ್ರೆ ಖಾತೆ ಬಿಡಿಸಬಹುದು. ಲಾಂಡ್ರಿ ನಿಮ್ಮದು, ಮೊದಲ ಹೆಸರು ನಿಮ್ಮದು. ಆ ಕಡೆಯವರಿಗೆ ಹಾಗಲ್ಲ ಅಂತ ಸಾಬೀತು ಮಾಡೋದು ಕಷ್ಟ. ಆಗ ಮಗುವಿಗೆ ಸದ್ಯಕ್ಕೆ ಏನೂ ಸಿಗಲ್ಲ. ಇಲ್ಲ, ಮಗನದ್ದೂ ಇದೆ ಅಂದ್ರೆ, ಇದ್ದೂ ಯಾಕೆ ಕೊಡಲಿಲ್ಲ ಅಂತ ಕೇಳ್ತಾರೆ. ಅದಕ್ಕೆ ಯಾರಾದ್ರೂ ಉತ್ತರ ಕೊಡಬೇಕು."

"ನಾನು ಕೊಡ್ತೀನಿ," ಎಂದ ಮಗ. "ನಾನೇ ಬೇಕು ಅಂತ ಕೊಡಲಿಲ್ಲ ಅಂತೀನಿ. ಅಮ್ಮನ್ನ ಕಟಕಟೆಗೆ ಹತ್ತಿಸಬೇಡಿ."

"ಜೈಲಿಗೆ ಹಾಕಿದ್ರೆ?" ಎಂದೆ.

"ಅಲ್ಲೂ ಲಿಫ್ಟ್ ಇರಬಹುದು."

ನಾನು ಹತ್ತನೇ ತರಗತಿ ಓದಿದವಳು. ಬಟ್ಟೆಯ ಒಳಗಿನ ಲೇಬಲ್ಲನ್ನೂ ಕನ್ನಡಕ ಹಾಕಿಕೊಂಡು ಓದುವವಳು. ಆ ಕಾಗದವನ್ನೂ ಓದಿದೆ. 'ಸದರಿ ಹಣ ಸಂಪೂರ್ಣವಾಗಿ ನನ್ನ ಸ್ವಂತದ್ದು' ಎಂದಿತ್ತು. ಹೊಸ ಬಾಯ್ಲರಿಗೆಂದು ನಾನು ಕೂಡಿಟ್ಟದ್ದು ಅದರಲ್ಲಿದೆ. ಸಹಿ ಹಾಕಿದರೆ ನಾಳೆಯೇ ಬಾಯ್ಲರು.

ಮೆಣಸು ಕೌಂಟರಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. "ಅಜ್ಜಿ, ಇದು ನೀಲಿನಾ ಕಪ್ಪಾ?" ಎಂದು ಒಂದನ್ನು ಎತ್ತಿ ತೋರಿಸಿದಳು.

"ಕಪ್ಪು."

"ನೀಲಿ ಡಬ್ಬಕ್ಕೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ."

"ಬಿಸಿಲಿಗೆ ಹಿಡಿದ್ರೆ ಗೊತ್ತಾಗುತ್ತೆ. ಕಪ್ಪು ಡಬ್ಬಕ್ಕೇ ಹಾಕು."

ಪೆನ್ನು ವಕೀಲನ ಜೇಬಿಗೆ ವಾಪಸು ಸಿಕ್ಕಿಸಿದೆ.

ಸೋಮವಾರ, ಏಪ್ರಿಲ್ 7

ಕೋರ್ಟಿಗೆ ನನ್ನ ಬಟ್ಟೆಯನ್ನು ನಾನೇ ಇಸ್ತ್ರಿ ಮಾಡಿಕೊಂಡೆ. ನ್ಯಾಯಾಧೀಶರು ಹೆಂಗಸು, ನನ್ನ ಮಗನ ವಯಸ್ಸಿನವರು. ಸೊಸೆ ಆ ಕಡೆ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಮೆಣಸು ಶಾಲೆಗೆ ಹೋಗಿದ್ದಳು.

"ಈ ಖಾತೆಯಲ್ಲಿರೋ ಹಣ ಯಾರದ್ದು?"

"ಲಾಂಡ್ರಿಯದ್ದು ನನ್ನದು, ಸಂಬಳದ್ದು ಮಗನದ್ದು, ನಿವೃತ್ತಿಯದ್ದೂ ಅವನದ್ದೇ," ಎಂದೆ.

"ಇಷ್ಟು ಹಣ ಇದ್ದೂ ಮಗುವಿಗೆ ಯಾಕೆ ಕೊಡಲಿಲ್ಲ?"

ಮಗ ಎದ್ದು ನಿಂತ. "ಮೇಡಂ, ತಪ್ಪು ನನ್ನ..."

"ಕೂತ್ಕೋ!" ಎಂದೆ.

ಅವನು ಕೂತ. ಬಾಗಿಲ ಬಳಿ ನಿಂತಿದ್ದ ಪೊಲೀಸಿನವನೂ ಕೂತ.

ನ್ಯಾಯಾಧೀಶರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮನೆಯ ದುಡ್ಡು ನನ್ನ ಕೈಯಲ್ಲಿ, ಅವನು ಕಳಿಸು ಎಂದ, ನಾನು ಕಳಿಸಲಿಲ್ಲ.

"ಕೋರ್ಟಿನಿಂದ ಮೂರು ನೋಟೀಸು ಬಂದಿವೆ. ಏನು ಮಾಡಿದ್ರಿ?"

"ಇಸ್ತ್ರಿ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೀನಿ."

"ಇಸ್ತ್ರಿ?"

"ಲಕೋಟೆ ಮುದುರಿತ್ತು."

ಹಿಂದೆ ಯಾರೋ ನಕ್ಕರು. ಸೊಸೆ ಎಂದು ಆಮೇಲೆ ಗೊತ್ತಾಯಿತು.

"ಓದಲಿಲ್ವಾ ಅಮ್ಮಾ? ಓದು ಬರುತ್ತಲ್ಲ ನಿಮಗೆ?"

"ಬರುತ್ತೆ. ಓದಿದ್ರೆ ಕೊಡಬೇಕಾಗ್ತಿತ್ತು. ಕೊಟ್ಟುಬಿಟ್ರೆ ಅವಳು ನಮ್ಮ ಮನೆ ಕಡೆ ತಿರುಗಿ ನೋಡೋಕೆ ಕಾರಣನೇ ಇರ್ತಿರಲಿಲ್ಲ. ಮಗುನೂ ಬರ್ತಿರಲಿಲ್ಲ."

ಇದನ್ನು ಹೇಳಬೇಕೆಂದು ಹೋಗಿರಲಿಲ್ಲ. ಯಾಕೆ ಹೇಳಿದೆನೋ ತಿಳಿಯದು. ಅಷ್ಟು ಜನ ಕಿವಿಗೊಟ್ಟು ಕೇಳುತ್ತಿದ್ದರೆ ಬಾಯಿ ತನ್ನಷ್ಟಕ್ಕೆ ನಡೆಯುತ್ತದೆ.

"ತಪ್ಪು ಅಂತ ಒಪ್ತೀರಾ?"

"ತಡ ಅಂತ ಒಪ್ತೀನಿ."

"ಎಷ್ಟು ತಡ?"

"ಮೂರು ವರ್ಷ."

ಮನಸ್ಸಿನೊಳಗೆ ಚಿಕ್ಕದಾಗಿ ಮಡಿಸಿ ಇಟ್ಟಿದ್ದ ಮಾತು. ಹೊರಗೆ ಬಿಚ್ಚಿದರೆ ಕೋಣೆಗೆಲ್ಲ ಹಾಸುವಷ್ಟಾಯಿತು. ಆರು ವರ್ಷದ್ದು ಒಂಬತ್ತಾಗಿದೆ. ಎತ್ತರದ ಹಲಗೆಯಿಂದ ಹಾರುವುದನ್ನು ಕಲಿತಿದೆ. ಮೊದಲ ಸಲ ಹಾರಿದ ದಿನ ನಾನು ನೋಡಲಿಲ್ಲ.

"ತಪ್ಪು ಅಂತಲೇ ಬರ್ಕೊಳ್ಳಿ," ಎಂದೆ.

ತೀರ್ಪು ಹೀಗಾಯಿತು. ಬಾಕಿ ಪೂರ್ತಿ ಮಗನ ನಿವೃತ್ತಿಯ ಹಣದಿಂದ ಮಗುವಿಗೆ. ಲಾಂಡ್ರಿಯ ಹಣ ನನಗೆ ಬಿಡುಗಡೆ. ಇನ್ನು ಮುಂದೆ ಪ್ರತಿ ತಿಂಗಳು ಐದನೇ ತಾರೀಕು ಬ್ಯಾಂಕಿನವರೇ ಕಡಿತ ಮಾಡಿ ಕಳಿಸುತ್ತಾರೆ. ಜೈಲಿನ ಮಾತಿಲ್ಲ. ಕಾಗದ ಬಂದರೆ ಇಸ್ತ್ರಿಗೆ ಮುಂಚೆ ಓದಬೇಕೆಂದು ನನಗೆ ಎಚ್ಚರಿಕೆ.

ಹೊರಗೆ ಮೆಟ್ಟಿಲ ಮೇಲೆ ಸೊಸೆ ಬಂದು ನನ್ನ ಚೀಲ ತೆಗೆದುಕೊಂಡಳು. "ಭಾರ ಇದೆ, ಕೊಡಿ," ಎಂದಳು. ಭಾರ ಇರಲಿಲ್ಲ. ಕೊಟ್ಟೆ.

ಗುರುವಾರ, ಏಪ್ರಿಲ್ 10

ಖಾತೆ ತೆರೆದಿದೆ. ಬ್ಯಾಂಕಿನ ಹುಡುಗಿ ಈ ಸಲ ಬೇಕೆಂದೇ ಮೈಕಿಗೆ ಬಾಯಿಟ್ಟು "ಅಮ್ಮಾ, ನಿಮ್ಮ ಖಾತೆ ಸರಿಯಾಗಿದೆ!" ಎಂದಳು. ಎಲ್ಲರೂ ತಿರುಗಿ ನೋಡಿದರು. ನೋಡಲಿ.

ಆದರೆ ಮನಸ್ಸಿಗೆ ಏನೋ ಕಸಿವಿಸಿ. ಈಜುಕೊಳದವರು ಹೊಸ ಬಟ್ಟೆ ಒಗೆಯುವ ಯಂತ್ರ ಕೊಂಡಿದ್ದಾರಂತೆ, ಟವೆಲ್ಲುಗಳು ಇನ್ನು ಅಲ್ಲೇ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಾನೂನು ಎಷ್ಟು ಅಚ್ಚುಕಟ್ಟು! ನಡುವೆ ಮನುಷ್ಯರಿಗೆ ಕೆಲಸವೇ ಇಲ್ಲ.

ಮೆಣಸಿಗೆ ಪರೀಕ್ಷೆ. ಎರಡು ವಾರ ಬರುವುದಿಲ್ಲ.

ಬುಧವಾರ, ಏಪ್ರಿಲ್ 23

ಬಾಯ್ಲರು ಬಂತು. ಚೆನ್ನಾಗಿದೆ.

ಸೋಮವಾರ, ಮೇ 5

ಬೆಳಗ್ಗೆ ಹತ್ತಕ್ಕೆ ಫೋನು ಟಿಣ್ ಎಂದಿತು. ಹಣ ಹೋಯಿತೆಂದು ಬ್ಯಾಂಕಿನ ಸಂದೇಶ. ಹಣ ಹೋದದ್ದಕ್ಕೆ ಇಷ್ಟು ಖುಷಿಪಟ್ಟವಳು ಈ ಬೀದಿಯಲ್ಲಿ ಇನ್ನೊಬ್ಬಳಿರಲಾರಳು. ಮಗನಿಗೆ ತೋರಿಸಿದೆ, ಮಡಿಸುವವಳಿಗೆ ತೋರಿಸಿದೆ, ಕೋಟು ತಂದ ವಕೀಲನಿಗೂ ತೋರಿಸಿದೆ.

ಸಂಜೆ ಸೊಸೆಯ ಫೋನು.

"ಅತ್ತೆ, ದುಡ್ಡು ಬಂತು."

"ಸರಿ."

ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡೆ.

"ಇನ್ನೊಂದು ವಿಷಯ," ಎಂದಳು. "ಶನಿವಾರ ಪಕ್ಕದ ಊರಲ್ಲಿ ಡೈವಿಂಗ್ ಸ್ಪರ್ಧೆ. ಎರಡು ದಿನ. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಇರಲೇಬೇಕಂತೆ. ನಾನು ಸಣ್ಣವರ ತಂಡ ನೋಡ್ಕೋಬೇಕು. ಇವಳಪ್ಪ ಹಲಗೆ ನೋಡಿದ್ರೇನೇ ತಲೆ ಸುತ್ತುತ್ತೆ ಅಂತಾರೆ."

"ಲಿಫ್ಟಿನ ತುದಿ ಹತ್ತೋನಿಗೆ?"

"ಮಗಳು ಹತ್ತಿದ್ರೆ ಸುತ್ತುತ್ತಂತೆ. ಅದಕ್ಕೆ..."

ಅಷ್ಟರಲ್ಲಿ ಫೋನು ಕಿತ್ತುಕೊಂಡ ಸದ್ದು. "ಅಜ್ಜಿ! ಫಾರಮ್ಮಿನಲ್ಲಿ ನಿನ್ನ ಹೆಸರು ಬರೆದಾಯ್ತು. ಪೆನ್ನಿನಲ್ಲಿ. ಅಳಿಸೋಕಾಗಲ್ಲ. ಬೆಳಗ್ಗೆ ಆರಕ್ಕೆ ಬಸ್ಸು. ಮತ್ತೆ ನಾನು ಹಾರುವಾಗ ಕಣ್ಣು ಮುಚ್ಚೋ ಹಾಗಿಲ್ಲ."

"ನನ್ನನ್ನ ಕೇಳದೇ ಬರೆದೆಯಾ?"

"ಹೂಂ."

ಎಂಥ ಧೈರ್ಯ! ಯಾರ ಮೊಮ್ಮಗಳು ಅಂದುಕೊಂಡಿದ್ದಾಳೆ!

ಶುಕ್ರವಾರ, ಮೇ 9

ಎರಡು ದಿನ ಅಂಗಡಿಗೆ ರಜೆ. ಮೂವತ್ತೊಂದು ವರ್ಷದಲ್ಲಿ ಯಜಮಾನರು ಹೋದಾಗ ಒಂದು ವಾರ ಮುಚ್ಚಿದ್ದು ಬಿಟ್ಟರೆ ಇದೇ ಮೊದಲು. ನಾಲ್ಕು ಟವೆಲ್ಲು ಮಡಿಸಿ ಚೀಲಕ್ಕೆ ಹಾಕಿದ್ದೇನೆ. ಹೊರಡುವ ಮುಂಚೆ ಇನ್ನೂ ಎರಡು ಹಾಕಬೇಕು, ಅಲ್ಲಿನ ಟವೆಲ್ಲು ಹೇಗಿರುತ್ತವೋ.

ಬಾಗಿಲಿಗೆ ನೇತುಹಾಕಲು ಮಡಿಸುವವಳು ರಟ್ಟಿನ ಮೇಲೆ ಬರೆಯುತ್ತಾ ಕೂತಿದ್ದಳು.

"ಶನಿವಾರ ಭಾನುವಾರ ಅಂಗಡಿ ಇರುವುದಿಲ್ಲ. ಸಾಕಾ ಅಕ್ಕ?"

"ಕಾರಣ ಬರಿ."

"ಏನಂತ? ಅನಿವಾರ್ಯ ಕಾರಣ ಅಂತ?"

"ಮೊಮ್ಮಗಳ ಜೊತೆ ಹೋಗಿದ್ದಾರೆ ಅಂತ."

"ಅಯ್ಯೋ, ಗಿರಾಕಿಗಳಿಗೆ ಅದೆಲ್ಲ ಯಾಕೆ ಅಕ್ಕ?"

"ಬರಿ," ಎಂದೆ. "ರಸ್ತೆಯ ಆ ಕಡೆಯಿಂದಲೂ ಓದೋಕೆ ಆಗಬೇಕು. ದಪ್ಪ ಅಕ್ಷರದಲ್ಲಿ ಬರಿ."